ನರಸಿಂಹಸ್ವಾಮಿ ನನ್ನ ತಂಗಿಗೆ ಕೊಟ್ಟ ಒಂದು ಕೂಗು

1998ರ ನವೆಂಬರ್ 14, ಶನಿವಾರ. ಗುಬ್ಬಿಯ ಮೈದಾನದಲ್ಲಿ ಅಂಪೈರ್ ವಿಸಿಲ್ ಊದಿದರು. ನನ್ನ ತಂಗಿ ಶೋಭಾ ಓಡುತ್ತಲೇ ಇದ್ದಳು. ಮತ್ತೆ ಊದಿದರು. ಅವಳು ಇನ್ನೂ ಜೋರಾಗಿ ಓಡಿ ಎದುರು ತಂಡದ ಹುಡುಗಿಯನ್ನು ಮುಟ್ಟಿ, ಔಟಾಯಿತೆಂದು ಎರಡೂ ಕೈ ಮೇಲೆತ್ತಿ ಕುಣಿದಳು. ಸುತ್ತ ನಿಂತಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಏನೋ ತಪ್ಪಾಗಿದೆ ಎಂದು ಅವಳಿಗೆ ಗೊತ್ತಾದದ್ದು ಆ ಮುಖಗಳನ್ನು ನೋಡಿದ ಮೇಲೆ.

ಸ್ವಾಮಿಯನ್ನು ನಂಬಿದ ನಿಮ್ಮೆಲ್ಲರಿಗೂ ನಡೆದದ್ದನ್ನು ನಡೆದ ಹಾಗೆ ತಿಳಿಸುತ್ತೇನೆ. ನಮ್ಮದು ಊರ್ಡಿಗೆರೆ. ಶೋಭಾ ಎರಡು ವರ್ಷದ ಮಗುವಾಗಿದ್ದಾಗ ಮಿದುಳು ಜ್ವರ ಬಂದು ತುಮಕೂರಿನ ಆಸ್ಪತ್ರೆಯಲ್ಲಿ ಮಲಗಿದ್ದಳು. ಜೀವ ಉಳಿಯಿತು, ಕಿವಿ ಹೋಯಿತು. ಕೇಳಿಸದ ಮೇಲೆ ಮಾತೂ ಬರಲಿಲ್ಲ. ಅಮ್ಮ ದೇವರಾಯನದುರ್ಗದ ನರಸಿಂಹಸ್ವಾಮಿಗೆ ಹರಕೆ ಹೊತ್ತು, "ಒಂದ್ ಸಲ ಅಮ್ಮ ಅಂತ ಕರೀಲಪ್ಪ" ಎಂದು ಪ್ರತಿ ಶ್ರಾವಣ ಶನಿವಾರ ಬೆಟ್ಟ ಹತ್ತುತ್ತಿದ್ದರು.

ಶೋಭಾ ತುಮಕೂರಿನಲ್ಲಿ ಕಿವಿ ಕೇಳಿಸದ ಮಕ್ಕಳ ಶಾಲೆಯ ಹಾಸ್ಟೆಲಿನಲ್ಲಿದ್ದಳು. ಓದಿನಲ್ಲಿ ಸುಮಾರು, ಖೋ ಖೋ ಎಂದರೆ ಪ್ರಾಣ. ಅವಳೇ ತಂಡದ ಕ್ಯಾಪ್ಟನ್. ಅಟ್ಟಿಸಿಕೊಂಡು ಹೋಗುವವರು ಕೂತ ಗೆಳತಿಯ ಬೆನ್ನು ಮುಟ್ಟಿ "ಖೋ" ಎಂದು ಕೂಗಬೇಕು, ಆಗ ಅವಳೆದ್ದು ಓಡಬೇಕು. ಇದು ಆಟದ ನಿಯಮ. ಆದರೆ ಆ ಶಾಲೆಯ ಅಂಗಳದಲ್ಲಿ ಕೂಗಿ ಪ್ರಯೋಜನವೇನು? ಬೆನ್ನಿಗೆ ಪಟ್ಟೆಂದು ಹೊಡೆದರೆ ಆಯಿತು. ವರ್ಷಗಟ್ಟಲೆ ಹಾಗೇ ಆಡಿ ಆಡಿ, ಕೂಗಬೇಕೆಂಬುದೇ ಅವರ ಪಿ.ಟಿ. ಮೇಷ್ಟ್ರಿಗೂ ಮರೆತುಹೋಗಿತ್ತು. ಮೊದಲ ಬಾರಿ ಹೊರಗಿನ ಶಾಲೆಗಳ ಜೊತೆ ಆಡಿದ್ದು ಗುಬ್ಬಿಯಲ್ಲಿ. ಆ ದಿನದ ನನ್ನ ಡೈರಿಯಲ್ಲಿ ಫೌಲ್ ಹನ್ನೊಂದು ಎಂದಿದೆ. ಆಮೇಲೆ ಎಣಿಸಲು ಮನಸ್ಸಾಗಲಿಲ್ಲ. ಬಾಯಿ ಬಿಟ್ಟು "ಖೋ" ಎಂದು ಕೂಗಬೇಕಿತ್ತೆಂದು ಮೇಷ್ಟ್ರು ತಮ್ಮ ತುಟಿ ತೋರಿಸಿ ಅವಳಿಗೆ ತಿಳಿಸಿದ್ದು ಆಟ ಮುಗಿದ ಮೇಲೆ.

ಮನೆಗೆ ಬಂದವಳು ಮತ್ತೆ ಹಾಸ್ಟೆಲಿಗೆ ಹೋಗಲಿಲ್ಲ. ಬೂಟುಗಳನ್ನು ಹಿತ್ತಲಿಗೆ ಎಸೆದಳು. ಗೋಡೆಗೆ ಮುಖ ಮಾಡಿ ಮಲಗಿದರೆ ನಮ್ಮ ಕೈಸನ್ನೆಯನ್ನೂ ನೋಡುತ್ತಿರಲಿಲ್ಲ. ನೋಡದವಳ ಜೊತೆ ಮಾತಾಡುವುದು ಹೇಗೆ?

ಸಿ.ಎಸ್. ಪುರದಿಂದ ಸೋದರತ್ತೆ ಗೌರತ್ತೆ ಬಂದರು. "ಅತ್ತಿಗೆ, ಆ ಮಗೀನ ಓಡ್ಸಿ ಜನರ ಕೈಲಿ ನಗಿಸೋದ್ಯಾಕೆ? ನನ್ ಜೊತೆ ಕಳಿಸ್ಬುಡಿ. ನಮ್ಮೂರಲ್ಲಿ ಹೊಲಿಗೆ ಮಿಷಿನ್ ಕಲೀಲಿ. ಮಿಷಿನ್ ಏನು ಖೋ ಅನ್ನು ಅಂತ ಕೇಳ್ತದಾ?"

ಅಪ್ಪ, "ಸೋಮವಾರ ಕರ್ಕೊಂಡ್ ಹೋಗವ್ವ" ಎಂದುಬಿಟ್ಟರು. ಶಾಲೆಯಿಂದ ಹೆಸರು ತೆಗೆಸುವುದೆಂದೂ ತೀರ್ಮಾನವಾಯಿತು.

ಅದಕ್ಕೆ ಮುಂಚಿನ ಶನಿವಾರ, ನವೆಂಬರ್ 28. ಹೋಗುವ ಮೊದಲು ಸ್ವಾಮಿಗೆ ಕೈ ಮುಗಿದು ಬರಲೆಂದು ಅಮ್ಮ, ಗೌರತ್ತೆ, ಶೋಭಾ, ನಾನು ಬೆಳಗಿನ ಬಸ್ಸಿಗೆ ದುರ್ಗಕ್ಕೆ ಹೋದೆವು. ನಾನು ಆಗ ಬಿ.ಕಾಂ. ಓದುತ್ತಿದ್ದೆ. ದೇವರ ಹತ್ತಿರ ಏನನ್ನೂ ಕೇಳಿದವಳಲ್ಲ. ಆ ದಿನ ಕೇಳಿದೆ: "ಮಾತು ಕೊಡದಿದ್ದರೂ ಆಗಲಿ, ಇವಳನ್ನು ಮೈದಾನದಿಂದ ಹೊರಗೆ ಹಾಕಬೇಡ."

ಮಂಗಳಾರತಿ ಶುರುವಾಯಿತು. ಮೂಲೆಯಲ್ಲಿದ್ದ ದೊಡ್ಡ ನಗಾರಿಯನ್ನು ಬಾರಿಸತೊಡಗಿದರು. ನೂಕುನುಗ್ಗಲಿನಲ್ಲಿ ಶೋಭಾ ಅದರ ಪಕ್ಕಕ್ಕೆ ಸರಿದು, ಆಸರೆಗೆ ಅದರ ಮೇಲೆ ಅಂಗೈ ಇಟ್ಟಳು. ಪೆಟ್ಟಿನ ಅದುರು ಅಂಗೈಗೆ ತಾಗಿ ಥಟ್ಟನೆ ಕೈ ತೆಗೆದಳು. ಮತ್ತೆ ಇಟ್ಟಳು. ಇನ್ನೊಂದು ಕೈಯನ್ನು ತನ್ನ ಎದೆಗೆ ಒತ್ತಿಕೊಂಡಳು. ಒಂದೊಂದು ಪೆಟ್ಟಿಗೂ ಅವಳ ಬಾಯಿಂದ "ಹೋ... ಹೋ..." ಎಂದು ಒರಟಾದ ದನಿ ಬರತೊಡಗಿತು. ಜನ ತಿರುಗಿ ನೋಡಿದರು.

"ಏಯ್, ಸುಮ್ನಿರ್ಸೇ ಅವಳನ್ನ!" ಎಂದು ಗೌರತ್ತೆ ನನ್ನನ್ನು ತಿವಿದರು.

ಅರ್ಚಕರು ಆರತಿ ತಟ್ಟೆ ಹಿಡಿದೇ ಹೇಳಿದರು: "ಬಿಡಮ್ಮ, ಕೂಗ್ಲಿ. ಇಲ್ಲಿಗೆ ಬರೋರೆಲ್ಲ ಕೂಗೋಕೆ ತಾನೆ ಬರೋದು. ಈ ಮಗು ನೋಡು, ಬಾಯ್ ಬಿಟ್ಟು ಕೂಗ್ತಾ ಇದೆ."

ಆರತಿ ಮುಗಿಯಿತು. ಪ್ರಾಕಾರದಲ್ಲಿ ನಾನು ಪ್ರಸಾದ ಹಿಡಿದು ಕೂತಿದ್ದೆ. ಹಿಂದಿನಿಂದ ಯಾರೋ ಓಡಿ ಬಂದ ಸದ್ದು. ಬೆನ್ನಿಗೆ ಫಳೀರೆಂದು ಒಂದು ಏಟು. ಅದರ ಜೊತೆಗೇ, "ಖೋ!"

ಪುಳಿಯೋಗರೆ ನೆಲದ ಪಾಲಾಯಿತು. ತಿರುಗಿದರೆ ಶೋಭಾ. ಒಂದು ಕೈ ಎದೆಯ ಮೇಲೆ, ಕಣ್ಣಲ್ಲಿ ಪ್ರಶ್ನೆ: ಬಂತಾ? ಕೇಳಿಸಿತಾ? ನಾನು ತಲೆಯಾಡಿಸಿದೆ. ಅವಳು ಇನ್ನೊಂದು ಸುತ್ತು ಓಡಿ ಬಂದು ಈ ಸಲ ಗೌರತ್ತೆಯ ಬೆನ್ನಿಗೆ ಕೊಟ್ಟಳು. "ಅಯ್ಯೋ ನನ್ ಸೊಂಟ!" ಎಂದು ಎದ್ದ ಗೌರತ್ತೆ ಬಾಯಿಗೆ ಸೆರಗು ಹಿಡಿದು ಅಳತೊಡಗಿದರು. ಸೋಮವಾರ ಅವರು ಸಿ.ಎಸ್. ಪುರಕ್ಕೆ ಒಬ್ಬರೇ ಹೋದರು. ಶೋಭಾ ಹಾಸ್ಟೆಲಿಗೆ ಹೋದಳು.

ಅಲ್ಲಿ ಅವಳು ಮಾಡಿದ್ದನ್ನು ಮೇಷ್ಟ್ರು ನನಗೆ ತೋರಿಸಿದರು. ತಂಡದ ಒಬ್ಬೊಬ್ಬರ ಅಂಗೈಯನ್ನೂ ತನ್ನ ಎದೆಯ ಮೇಲಿಟ್ಟು ಕೂಗುವಳು, ಆಮೇಲೆ ಅವರವರ ಎದೆಯ ಮೇಲಿಡಿಸಿ ಕೂಗಿಸುವಳು. ಒಬ್ಬಳದ್ದು ಕೀರಲು, ಇನ್ನೊಬ್ಬಳದ್ದು ಗೊಗ್ಗರು. "ಅಡುಗೆಯೋರು ಹಾಸ್ಟೆಲ್ ಬಿಟ್ಟು ಓಡ್ತೀನಿ ಅಂತವ್ರೆ ಕಣಮ್ಮ" ಎಂದು ಮೇಷ್ಟ್ರು ನಕ್ಕರು.

1999ರ ಜನವರಿ 17, ಸಂಕ್ರಾಂತಿ ಕಳೆದ ಭಾನುವಾರ, ಕುಣಿಗಲ್‌ನಲ್ಲಿ ಪಂದ್ಯ. ಅಪ್ಪ, ಅಮ್ಮ ಇಬ್ಬರೂ ಬಂದಿದ್ದರು. ಮೇಷ್ಟ್ರು ಮೊದಲೇ ಅಂಪೈರ್ ಹತ್ತಿರ ಹೋದರು.

"ಸಾರ್, ನಮ್ ಮಕ್ಕಳಿಗೆ ವಿಸಿಲ್ ಕೇಳ್ಸಲ್ಲ. ಊದೋವಾಗ ಕೈನೂ ಎತ್ತಿ."

"ಬೆನ್ನು ಈ ಕಡೆ ಇರೋಳಿಗೆ ಹೆಂಗ್ರೀ ಕಾಣುತ್ತೆ?"

"ಕಂಡೋಳು ಕಾಣ್ದೋಳಿಗೆ ಹೇಳ್ತಾಳೆ, ನೀವು ಎತ್ತಿ ಸಾರ್."

ಎತ್ತಿದರು. ಅಂದು ಫೌಲ್ ಎರಡೇ. ಎರಡೂ ಗಡಿಬಿಡಿಯಲ್ಲಿ ಗೆರೆ ದಾಟಿದ್ದಕ್ಕೆ, ಕೂಗದೆ ಇದ್ದದ್ದಕ್ಕಲ್ಲ. ಕಡೆಯ ಪಂದ್ಯದಲ್ಲಿ ಒಂದು ಪಾಯಿಂಟಿನಿಂದ ಸೋತು ಎರಡನೇ ಬಹುಮಾನ ತಂದರು. ಗೆದ್ದ ತಂಡದ ಹುಡುಗಿಯರೇ ಬಂದು ಶೋಭಾಳನ್ನು ಎತ್ತಿ ಕುಣಿಸಿದರು. ಅಪ್ಪ ಯಾರೋ ಗುರುತಿಲ್ಲದವರನ್ನೆಲ್ಲ ಹಿಡಿದು, "ಆ ಎತ್ತರದೋಳು ನಮ್ ಹುಡ್ಗಿ" ಎಂದು ತೋರಿಸುತ್ತಿದ್ದರು. ಈಗ 2002. ಶೋಭಾ ಅದೇ ಶಾಲೆಯ ಚಿಕ್ಕ ಮಕ್ಕಳಿಗೆ ಆಟ ಕಲಿಸುತ್ತಿದ್ದಾಳೆ.

ನನ್ನ ತಂಗಿ ಇಂದಿಗೂ "ಅಮ್ಮ" ಅನ್ನುವುದಿಲ್ಲ. ಹರಕೆ ಫಲಿಸಿತೇ ಎಂದು ಕೇಳುವವರಿದ್ದಾರೆ. ಅವರಿಗೆ ನಾನು ಕುಣಿಗಲ್ ಮೈದಾನದ ಮಾತನ್ನು ಹೇಳುತ್ತೇನೆ. ಕಡೆಯ ಪಂದ್ಯ ನಡೆಯುವಾಗ ಅಮ್ಮ ಭಯದಿಂದ ಕಣ್ಣು ಮುಚ್ಚಿ, ಕೈ ಮುಗಿದು ನಿಂತುಬಿಟ್ಟಿದ್ದರು. "ಕಣ್ ಬಿಡಮ್ಮ, ಶೋಭಾ ಓಡ್ತಾ ಇದಾಳೆ, ನೋಡು" ಎಂದೆ. ಅಷ್ಟರಲ್ಲಿ ಮೈದಾನದಿಂದ ಶೋಭಾಳ ಒರಟು "ಖೋ!" ಕೇಳಿಬಂತು. ಅಮ್ಮ ಕಣ್ಣು ಬಿಡಲಿಲ್ಲ. ಮುಖದ ತುಂಬ ನಗು.

"ತಡಿಯೇ. ಹದಿನಾಲ್ಕು ವರ್ಷ ಕಣ್ಣಲ್ಲೇ ಕಾದಿದೀನಿ ಅವಳನ್ನ. ಈಗ ನೋಡ್ದೇನೇ ಗೊತ್ತಾಗ್ತೈತೆ, ಎಲ್ಲವ್ಳೆ ಅಂತ" ಎಂದರು.