ಕೊನೆಯಲ್ಲಿ ತಟ್ಟಿದ ಹಲಗೆ

ಇಪ್ಪತ್ತೆರಡು ವರ್ಷದಲ್ಲಿ ದೆಲ್ಫಿನಾ ಅರ್ರಿಯಾಗಾಳ ಮಕ್ಕಳು ಮೂವತ್ತೊಂಬತ್ತು ಸಲ ಸತ್ತಿದ್ದರು. ಎಲ್ಲ ಟೀವಿಯಲ್ಲಿ. ಪೊಲೀಸರು ಬಾಗಿಲು ಬಡಿಯುತ್ತಾರೆ, ಟೋಪಿ ತೆಗೆಯುತ್ತಾರೆ, ಅವಳು ಗೋಡೆಗೊರಗಿ ಕುಸಿಯುತ್ತಾಳೆ. ಲಾಸ್ ಏಂಜಲೀಸಿನಲ್ಲಿ ಅಳುವ ತಾಯಿ ಬೇಕೆಂದರೆ ಫೋನು ಬರುತ್ತಿದ್ದುದು ಅವಳಿಗೇ. ನಿಜದಲ್ಲಿ ಅವಳಿಗೆ ಮಕ್ಕಳಿಲ್ಲ, ಮದುವೆಯೂ ಆಗಿರಲಿಲ್ಲ.

ಅವಳ ಬೀದಿಯ ಬೇಕರಿಯ ಚೆಪೆಗೆ ಅದೇ ತಮಾಷೆ. “ಏನ್ ದೋನ್ಯಾ ದೆಲ್ಫಿನಾ, ಈ ವಾರ ಎಷ್ಟನೇ ಮಗ ಹೋದ?”

“ಸುಮ್ನಿರೋ. ಈ ಸಲ ಯಾರೂ ಸಾಯಲ್ಲ. ನಂಗೇ ಮದುವೆ.”

“ಅಯ್ಯೋ, ಹಂಗಾದ್ರೆ ಗಂಡಂಗೆ ಮೊದ್ಲೇ ಹೇಳ್ಬಿಡಿ, ಪಾಪ!”

ಅದು ಹಳೇ ಕಾಲದ ಧಾಟಿಯ ಪ್ರೇಮದ ನಗೆಚಿತ್ರ. ಐವತ್ತಮೂರರ ದೆಲ್ಫಿನಾ ನಾಯಕಿ. ನಾಯಕ ದರ್ಜಿ. ಉಂಗುರ ಮರೆತು ಬಂದು, ಅಳತೆ ಟೇಪನ್ನು ಅವಳ ಬೆರಳಿಗೆ ಸುತ್ತಿ ಮದುವೆಯ ಮಾತೆತ್ತುತ್ತಾನೆ. ಅವಳು ನಗಬೇಕು. ಅಷ್ಟೇ ಕೆಲಸ.

ಶಾಟ್ ಶುರುವಾಗುವಾಗ ಕ್ಯಾಮೆರಾ ಮುಂದೆ ತಟ್ಟುವ ಕ್ಲಾಪ್ ಹಲಗೆ ‘ಟಕ್’ ಎಂದಿತು. ಅವಳ ಕಣ್ಣು ತುಂಬಿತು. ಮತ್ತೆ ಟಕ್, ಮತ್ತೆ ನೀರು. ಐದು ಸಲವೂ ಹಾಗೇ.

“ದೆಲ್ಫಿನಾ, ಅವ್ನು ಮದುವೆ ಆಗ್ತೀಯಾ ಅಂತ ಕೇಳ್ತಿರೋದು,” ಎಂದಳು ನಿರ್ದೇಶಕಿ ನದೀನ್. “ಊಟ ಆದ್ಮೇಲೆ ಇನ್ನೊಂದ್ಸಲ ನೋಡೋಣ. ಬರ್ಲಿಲ್ಲ ಅಂದ್ರೆ ನಿರ್ಮಾಪಕರ ಹತ್ರ ಬೇರೆಯವ್ರ ಹೆಸ್ರಿದೆ. ನಿನ್ ಹತ್ರ ಮುಚ್ಚಿಡಲ್ಲ.”

ದೆಲ್ಫಿನಾ ತಟ್ಟೆ ಮುಟ್ಟಲಿಲ್ಲ. ಹಲಗೆ ತಟ್ಟುವ ಲೋರ್ನಾ ಪಕ್ಕಕ್ಕೆ ಬಂದು ಕೂತಳು. ದೆಲ್ಫಿನಾಳ ಸತ್ತ ಮಕ್ಕಳಲ್ಲಿ ಎಷ್ಟೋ ಜನರ ದೃಶ್ಯಕ್ಕೆ ಹಲಗೆ ತಟ್ಟಿದವಳು ಇವಳೇ.

“ನೀನು ಅಳ್ತಿರೋದು ಅವನ ಮಾತಿಗಲ್ಲ ಕಣೇ. ನನ್ ಹಲಗೆಗೆ.”

ನಿಜವೇ. ಅಳು ತರಿಸಿಕೊಳ್ಳಲು ದೆಲ್ಫಿನಾಗೆ ಟೀವಿಯವರು ಸಮಯ ಕೊಡುತ್ತಿರಲಿಲ್ಲ. ಟಕ್ ಎಂದ ಕೂಡಲೇ ಕಣ್ಣೀರು ಬರುವಂತೆ ಅವಳೇ ತನ್ನನ್ನು ಪಳಗಿಸಿಕೊಂಡಿದ್ದಳು.

“ತಟ್ಟದೇ ಇದ್ರೆ?”

“ತಟ್ಲೇಬೇಕು. ಇಲ್ದಿದ್ರೆ ಆಮೇಲೆ ಧ್ವನೀನೂ ಚಿತ್ರಾನೂ ಕೂಡ್ಸುವಾಗ ಮಾತಿಗೂ ತುಟಿಗೂ ಹೊಂದಲ್ಲ. ಆದ್ರೆ ಹಲಗೇನ ತಲೆಕೆಳಗೆ ಹಿಡ್ದು ಶಾಟ್ ಕೊನೇಲಿ ತಟ್ಟಬಹುದು. ಕುದುರೆ ಇರೋ ಸೀನಲ್ಲಿ, ಸದ್ದಿಗೆ ಅದು ಬೆದರುತ್ತೆ ಅಂದಾಗ ಹಂಗೇ ಮಾಡೋದು.”

“ನಾನೀಗ ಕುದುರೇನಾ?”

“ಮುದಿ ಕುದುರೆ. ಏಳು.”

ಈ ಸಲ ಸದ್ದಿಲ್ಲದೆ ಕ್ಯಾಮೆರಾ ಓಡಿತು. ದರ್ಜಿ ಒಂದೊಂದೇ ಜೇಬು ತಡಕಿದ. ಕೊನೆಗೆ ಟೇಪು ತೆಗೆದು ಅವಳ ಬೆರಳಿಗೆ ಸುತ್ತಿ, ಕನ್ನಡಕ ಏರಿಸಿ ಅಳತೆ ಓದಿದ.

“ಊರೋರ ಅಂಗಿ ಗುಂಡಿ ಎಲ್ಲ ನೆನಪಿರುತ್ತೆ ನಿಂಗೆ,” ಎಂದಳು ದೆಲ್ಫಿನಾ. “ನನ್ ಉಂಗುರ ಮಾತ್ರ ಮರೀತೀಯಾ?”

ನಗು ಹೊಟ್ಟೆಯಿಂದ ಬಂತು. ಬೆರಳು ಅಲುಗಿ ಟೇಪು ಜಾರಿತು. ದರ್ಜಿಯೂ ನಕ್ಕ, ಅದು ಬರೆದುಕೊಟ್ಟದ್ದರಲ್ಲಿ ಇರಲಿಲ್ಲ.

ನದೀನ್ ಕೈ ಎತ್ತಿದಳು. ಲೋರ್ನಾ ಹಲಗೆಯನ್ನು ತಲೆಕೆಳಗಾಗಿ ಹಿಡಿದು ಮೆತ್ತಗೆ ತಟ್ಟಿದಳು.

ಟಕ್.

ದೆಲ್ಫಿನಾ ಅತ್ತಳು. ನಿಲ್ಲಿಸಲು ನೋಡಿದಳು, ಆಗಲಿಲ್ಲ.

“ಕ್ಯಾಮೆರಾ ನಿಂತಿದೆ, ಅತ್ಕೋ,” ಎಂದಳು ನದೀನ್. “ನಾಳೆ ಏಳಕ್ಕೆ ಬಾ. ನಿನ್ ಮದುವೆ ಗೌನಿನ ಅಳತೆ ಇದೆ.”