ಹೊಗೆಕೊಳವೆ ಮೂಸುವ ರಾಯರು

ಮನುಷ್ಯನ ಆಯುಸ್ಸು ಎಷ್ಟೆಂದು ಬಲ್ಲವರಿಲ್ಲ. ಡೀಸೆಲ್ ಕಾರಿನದು ಮಾತ್ರ ದಿಲ್ಲಿಯಲ್ಲಿ ಎಲ್ಲರಿಗೂ ಗೊತ್ತು: ಹತ್ತು ವರ್ಷ. ಆಮೇಲೆ ಗುಜರಿಗೆ, ಅಥವಾ ಅಷ್ಟರೊಳಗೆ ಕಾಗದಪತ್ರ ಮಾಡಿಸಿಕೊಂಡು ಪರವೂರಿಗೆ.

ನಮ್ಮ ಕಾರಿಗೆ ಇಪ್ಪತ್ತು ದಿನ ಉಳಿದಿದ್ದಾಗ, ಲೋಧಿ ಕಾಲೋನಿಯ ನಮ್ಮ ಕೆಳಮನೆ ರಾಯರು ಅದರ ಹೊಗೆಕೊಳವೆಯೊಳಗೆ ತೋರುಬೆರಳನ್ನು ಬುಡದವರೆಗೆ ತೂರಿಸಿ, ಕಪ್ಪಗೆ ಜಿಗುಟಾಗಿ ಹೊರಬಂದ ಅದನ್ನು ಕಣ್ಣು ಮುಚ್ಚಿ ಮೂಸಿದರು. ಬನಿಯನ್ನಿಗೆ ಒರೆಸಿ, ಅದೇ ಬೆರಳಿನಿಂದ ನಮ್ಮ ತಟ್ಟೆಯ ಚಕ್ಕುಲಿ ಮುರಿದರು. ನನ್ನ ಹೆಂಡತಿ ತಟ್ಟೆಯನ್ನು ಅವರಿಗೇ ಬಿಟ್ಟು ಒಳಗೆ ಹೋದಳು.

ರಾಯರು ಯಾವುದೋ ಸಚಿವಾಲಯದ ಮೋಟಾರು ಗ್ಯಾರೇಜಿನಿಂದ ನಿವೃತ್ತರಾಗಿ, ಮಗಳ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಇದ್ದವರು. ಸೋಪಿಗೂ ಅವರಿಗೂ ಸೌಹಾರ್ದ ಸಂಬಂಧವಿರಲಿಲ್ಲ.

ಕಾರನ್ನು ಕೊಳ್ಳಲು ಧಾರವಾಡದ ನನ್ನ ಭಾವಮೈದ ಒಪ್ಪಿದ್ದ. ಅಷ್ಟರಲ್ಲಿ ಎಂಜಿನ್ನಿನ ಹಳದಿ ದೀಪ ಹತ್ತಿ, ಕಾರು ನಲವತ್ತರ ಮೇಲೆ ಓಡಲು ನಿರಾಕರಿಸಿತು. "ದೀಪ ಆರಿದ್ರ ತೊಗೋತೀನಿ, ಇಲ್ಲಾಂದ್ರ ನಿಮ್ಮ ಕಾರು ನಿಮಗ ಇರ್ಲಿ," ಎಂದ. ಸರ್ವಿಸ್ ಸೆಂಟರಿನ ಟೈ ಕಟ್ಟಿದ ತರುಣ ಕಾರಿಗೆ ಯಂತ್ರ ಸಿಕ್ಕಿಸಿ, ದೋಷದ ಕೋಡ್ ಓದಿ, ಗಾಳಿ ಅಳೆಯುವ ಸೆನ್ಸರ್ ಬದಲಿಸಿದ. ಎರಡೇ ದಿನಕ್ಕೆ ದೀಪ ಮತ್ತೆ ಹತ್ತಿತು. ಈಗ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೋ ಬದಲಿಸಬೇಕಂತೆ. "ಸರ್‌ಜೀ, ಮಷೀನ್ ಝೂಟ್ ನಹೀ ಬೋಲ್ತಾ," ಎಂದು ಯಂತ್ರದ ಸತ್ಯಸಂಧತೆಗೆ ಪ್ರಮಾಣಪತ್ರ ಕೊಟ್ಟ.

ಇದನ್ನು ಕೇಳಿ ರಾಯರು ಚಕ್ಕುಲಿ ಕೆಳಗಿಟ್ಟರು.

"ಕೋಡ್ ಅನ್ನೋದು ದೂರು ಅರ್ಜಿ ಕಣಯ್ಯಾ, ತೀರ್ಪಲ್ಲ. ಗಾಳಿ ಸಾಲ್ತಿಲ್ಲ ಅಂತ ಎಂಜಿನ್ ಅರ್ಜಿ ಹಾಕ್ಕೊಂಡಿದೆ, ಕೊಳವೆಯ ಮಸಿ ವಾಸನೇನೂ ಅದನ್ನೇ ಹೇಳ್ತಿದೆ. ನಿನ್ನ ಟೈ ಭಯ್ಯಾ ಅರ್ಜಿ ತಂದವನನ್ನೇ ವರ್ಗ ಮಾಡ್ಬಿಟ್ಟ. ಚಲೋ, ಬಾನೆಟ್ ಎತ್ತು."

ಏರ್ ಫಿಲ್ಟರಿನ ಡಬ್ಬಿ ತೆರೆದಾಗ ಬಂದ ವಾಸನೆಗೆ ನಾನು ಮೂರು ಹೆಜ್ಜೆ ಹಿಂದಕ್ಕೆ ಹೋದೆ. ಹಸಿರು ಬೂಷ್ಟು ಹಿಡಿದ ಚಪಾತಿ ಚೂರುಗಳು, ಒದ್ದೆ ಹತ್ತಿ, ಹಿಕ್ಕೆ, ಎಲ್ಲದರ ನಡುವೆ ಒಣಗಿದ ಒಂದು ಇಲಿಮರಿ.

"ಅಯ್ಯೋ, ಅದು ಹಸುವಿನ ಚಪಾತಿ ಅಲ್ವೇನ್ರೀ!" ಕಿಟಕಿಯಿಂದ ನನ್ನ ಹೆಂಡತಿ ಕೂಗಿದಳು. ದಿನದ ಮೊದಲ ಚಪಾತಿಯನ್ನು ಹಸುವಿಗೆಂದು ಎತ್ತಿಡುವುದನ್ನು ದಿಲ್ಲಿಯ ನೆರೆಯವರಿಂದ ಕಲಿತು, ಕಾರಿನ ಪಕ್ಕದ ಮೋಟುಗೋಡೆಯ ಮೇಲೆ ಆರು ವರ್ಷದಿಂದ ಇಡುತ್ತಿದ್ದಳು.

"ಈ ಬ್ಲಾಕಲ್ಲಿ ಹಸು ಎಲ್ಲಮ್ಮಾ ಇದೆ?"

"ದಿನಾ ಖಾಲಿ ಆಗ್ತಿತ್ತಲ್ಲ ರಾಯರೇ. ಬಂದು ತಿಂದು ಹೋಗ್ತಿದೆ ಅಂದ್ಕೊಂಡೆ."

"ಚಿಂತೆ ಬೇಡ. ನಿನ್ನ ಪುಣ್ಯ ಎಲ್ಲೂ ಹೋಗಿಲ್ಲ. ಪೂರ್ತಿ ಇಲ್ಲೇ ಶೇಖರಣೆ ಆಗಿದೆ."

ಆ ಪುಣ್ಯವನ್ನು ನಾನು ಮುಟ್ಟಲಿಲ್ಲ. ರಾಯರೇ ಬರಿಗೈಯಲ್ಲಿ ಬಾಚಿ ತೆಗೆದು, ಹೊಸ ಫಿಲ್ಟರ್ ಕೂರಿಸಿ, ತಮ್ಮ ಅಂಗೈಯಗಲದ ಸ್ಕ್ಯಾನರಿನಿಂದ ಕೋಡ್ ಅಳಿಸಿದರು. ದೀಪ ಆರಿ, ಕಾರು ಎಂಬತ್ತರಲ್ಲಿ ಓಡಿತು. ಹಿಂದಿರುಗಿ ಬಂದು ಅವರು ಕೈ ಚಾಚುವ ಮೊದಲೇ ಚಕ್ಕುಲಿಯನ್ನು ಡಬ್ಬಿಸಮೇತ ಅವರಿಗೆ ಒಪ್ಪಿಸಿದೆವು.

ಮರುವರ್ಷದ ಚಳಿಗಾಲದಲ್ಲಿ ರಾಯರು ತೀರಿಕೊಂಡರು. ಈಗಿನ ಕಾರಿನಲ್ಲಿ ಯಾವ ದೀಪ ಹತ್ತಿದರೂ ನಾನು ಮೊದಲು ಬಾನೆಟ್ ಎತ್ತುತ್ತೇನೆ, ಮೂಗು ಮುಚ್ಚಿಕೊಂಡು. ಹಳೆಯದು ಧಾರವಾಡದಲ್ಲಿ ಓಡುತ್ತಿದೆ.