ಇದ್ದರೆ ಮೇಷ್ಟ್ರು

ನಮ್ಮ ಲ್ಯಾಬಿನ ನೆಲಮಾಳಿಗೆಯ ಮೇಷ್ಟ್ರಿಗೆ ನಾವಿಟ್ಟ ಹೆಸರು ‘ಇದ್ದರೆ ಮೇಷ್ಟ್ರು’. ಅವರ ಬಾಯಿಂದ ಬರಿ ‘ಇಲ್ಲ’ ಎನ್ನಿಸುವುದೆಂದರೆ ಕಲ್ಲಿನಲ್ಲಿ ನಾರು ತೆಗೆದ ಹಾಗೆ. ಉದ್ದ, ಅಗಲ, ಎತ್ತರದ ಆಚೆಗೂ ಜಗತ್ತಿಗೆ ಸುರುಳಿ ಸುತ್ತಿಕೊಂಡ ಆಯಾಮಗಳಿವೆ ಎಂದು ಮೇಲಿನ ಮಹಡಿಯ ಸ್ಟ್ರಿಂಗ್ ಸಿದ್ಧಾಂತದವರು ಕಾಫಿ ಕುಡಿಯುತ್ತ ಹೇಳಿಬಿಡುತ್ತಾರೆ. ಅವನ್ನು ಹುಡುಕುವ ಕರ್ಮ ನಮ್ಮ ಮೇಷ್ಟ್ರದು. ತೆಳು ತಂತಿಗೆ ಲೋಹದ ಬಿಲ್ಲೆ ತೂಗುಹಾಕಿ, ಇನ್ನೊಂದು ಬಿಲ್ಲೆಯನ್ನು ತೀರ ಹತ್ತಿರ ತಂದು, ನಡುವಿನ ಗುರುತ್ವಾಕರ್ಷಣೆ ಆ ಸುರುಳಿಗಳೊಳಗೆ ಸೋರೀತೇ ಎಂದು ತಿಂಗಳುಗಟ್ಟಲೆ ಕಾಯುತ್ತಾರೆ. ಕೊನೆಗೆ ಹೊರಬಂದು, ಮಗು ಹುಟ್ಟಿದ ಸುದ್ದಿ ಹೇಳುವವರಂತೆ, “ಸಿಗಲಿಲ್ಲ ಕಣ್ರೀ! ಇದ್ದರೆ ಕೂದಲೆಳೆಯ ಅರ್ಧಕ್ಕಿಂತ ಚಿಕ್ಕದು!” ಎನ್ನುತ್ತಾರೆ. ಮನೆಯಲ್ಲೂ ಅದೇ ಚಾಳಿ. ಹೆಂಡತಿ ಕುರ್ಚಿ ಹತ್ತಿ ನಿಂತು, “ಅಡುಗೆಮನೇಲಿ ಇಲಿ ಇದೆಯೇನ್ರೀ?” ಎಂದು ಕೂಗಿದರೆ, ಮೂಲೆಮೂಲೆಗೆ ಟಾರ್ಚು ಬಿಟ್ಟು, “ಕಾಣಲಿಲ್ಲ. ಇದ್ದರೆ ನನ್ನ ಹೆಬ್ಬೆರಳಿಗಿಂತ ಚಿಕ್ಕದು” ಎಂದು ವರದಿ ಒಪ್ಪಿಸುತ್ತಾರೆ. “ಹಾಗಂದ್ರೆ ಇಳೀಲೋ ಬೇಡ್ವೋ?” “ಅದು ನನ್ನ ಪ್ರಯೋಗದ ವ್ಯಾಪ್ತಿಗೆ ಬರಲ್ಲ.” ಪಾಪ, ಆಕೆ ಅರ್ಧ ಸಂಸಾರವನ್ನು ಕುರ್ಚಿಯ ಮೇಲೆ ನಿಂತೇ ಮಾಡಿದ್ದಾರೆ. ಹೋದ ತಿಂಗಳು, ಆಕೆಯ ಹೊಟ್ಟೆಯಲ್ಲಿದ್ದ ಗಂಟು ತೆಗೆಸಿದ ಮೇಲಿನ ಮೊದಲ ಸ್ಕ್ಯಾನ್‌ಗೆ ಜೊತೆಯಲ್ಲಿ ನಾನೂ ಹೋಗಿದ್ದೆ. ಡಾಕ್ಟರು ಪರದೆಯನ್ನು ಸಾವಧಾನವಾಗಿ ನೋಡಿ, “ಏನೂ ಕಾಣಿಸ್ತಿಲ್ಲ. ಉಳಿದಿದ್ದರೂ ಸಾಸಿವೆಕಾಳಿಗಿಂತ ಚಿಕ್ಕದು” ಅಂದರು. ಎಳ್ಳಷ್ಟೂ ತಪ್ಪಿಲ್ಲದ, ಮೇಷ್ಟ್ರು ಮೆಚ್ಚಿ ಬೆನ್ನು ತಟ್ಟಬೇಕಾದ ಉತ್ತರ. ಮೇಷ್ಟ್ರು ಡಾಕ್ಟರ ಎರಡೂ ಕೈ ಹಿಡಿದುಕೊಂಡರು. “ಇಲ್ಲ ಅಂತ ಒಂದ್ಸಲ ಹೇಳಿಬಿಡಿ, ಡಾಕ್ಟ್ರೇ.”